ಅವಳು ನೋಡದೆಯೇ ಬೇಡವೆಂದವನು

"ಕೈ ಬಿಡ್ರೀ!"

ಸುನೀತಾ ಚೀರಿದ ಸದ್ದಿಗೆ ಹ್ಯಾವ್‌ಲಾಕ್ ದ್ವೀಪದಲ್ಲಿ ಹಡಗು ನಿಲ್ಲುವ ದಕ್ಕೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು.

"ಬಿಟ್ಟರ ಸಮುದ್ರದಾಗ ಬೀಳ್ತೀರಿ!" ಎಂದ, ದಕ್ಕೆಯ ಮೇಲಿಂದ ಅವಳ ಕೈ ಹಿಡಿದಿದ್ದವನು.

ಆಗಲೇ ಅವಳು ಕೆಳಗೆ ನೋಡಿದ್ದು. ಒಂದು ಕಾಲು ಹಡಗಿನಲ್ಲಿ, ಇನ್ನೊಂದು ಗಾಳಿಯಲ್ಲಿ! ಅವನು ಅವಳನ್ನು ಮೆಲ್ಲಗೆ ದಕ್ಕೆಗೆ ಎಳೆದುಕೊಂಡ. ಅವಳ ಎದೆ ಡವಡವ ಹೊಡೆದುಕೊಂಡಿತು... ಭಯಕ್ಕೋ, ಆ ಶಾಂತ ಕಣ್ಣುಗಳಿಗೋ?

ಅವನು ಸೋಮನಿಂಗ, ಇಂಡಿ ಊರಿನ ಲಿಂಬೆ ತೋಟದವನು. ಅವಳು ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಊರ ಕಡೆಯ ಇಪ್ಪತ್ತು ಮಂದಿಯ ಜೊತೆ ಅವ್ವ ಚಂದವ್ವನಿಗೆ ಅಂಡಮಾನ್ ತೋರಿಸಲು ಬಂದಿದ್ದಳು. ಅವನೂ ಅದೇ ತಂಡದವನು, ಆದರೆ ಇಬ್ಬರೂ ಮಾತಾಡಿದ್ದು ಅಂದೇ ಮೊದಲು.

ಎರಡು ದಿನ ಹೇಗೆ ಕಳೆದವೋ! ಸಮುದ್ರವನ್ನೇ ಕಾಣದ ಚಂದವ್ವ ಇಳಕಲ್ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಅಲೆ ಬಂದಾಗಲೆಲ್ಲ ಸೋಮನಿಂಗನ ತೋಳು ಹಿಡಿದು ಕೇಕೆ ಹಾಕಿದಳು. ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕೂತು ಸುನೀತಾ ಅವನಿಗೆ ಹವಳ ತೋರಿಸಿದಳು.

"ಅವು ಕಲ್ಲಲ್ರಿ, ಜೀವ ಅದಾವು. ನೀರು ಕಾದರ ಬೆಳ್ಳಗಾಗಿ ಸಾಯ್ತಾವು."

"ನೀವು ಹಿಂಗ ಹೇಳಕೋತ ಇರ್ರಿ... ನಾ ಕೇಳಕೋತ ಕುಂದರ್ತೇನಿ," ಎಂದ ಸೋಮನಿಂಗ.

ಅವಳ ಕೆನ್ನೆ ಕೆಂಪಾಯಿತು. 'ಏನಾಗೈತಿ ನನಗ?'

ಮೂರನೆಯ ದಿನ ರೆಸಾರ್ಟಿನಲ್ಲಿ ನಾಷ್ಟಾ ಮಾಡುವಾಗ, ಜೊತೆಗೆ ಬಂದಿದ್ದ ಸಾವಂತ್ರವ್ವ ಬಾಯಿ ಬಿಟ್ಟಳು. "ಚಂದವ್ವಾ, ಎರಡು ವರ್ಷದ ಹಿಂದ ನಿನ್ನ ಮಗಳು ಬ್ಯಾಡ ಅಂದ ಇಂಡಿ ವರ ಇಂವಾ ಅಲ್ಲೇನು?"

ಸುನೀತಾಳ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು.

ಅದಕ್ಕೂ ಮೊದಲು ಅವಳಿಗೆ ಬೇರೊಬ್ಬನ ಜೊತೆ ಮದುವೆ ನಿಶ್ಚಯವಾಗಿತ್ತು. ನೌಕರಿ ಬಿಡಬೇಕು ಎಂದಿದ್ದ ಆ ವರ. ಉಂಗುರ ತೆಗೆದುಕೊಟ್ಟು ಬಂದಿದ್ದಳು. ಅಂದಿನಿಂದ ಯಾವ ವರ ಬಂದರೂ ಹೆಸರು ಕೇಳದೆ, ಫೋಟೊ ಸಹ ನೋಡದೆ ಬೇಡ ಎನ್ನುತ್ತಿದ್ದಳು.

ಸೀದಾ ಸೋಮನಿಂಗನ ಎದುರು ನಿಂತಳು. "ಎಲ್ಲಾ ಗೊತ್ತಿದ್ದಾ ನನ್ನ ಬೆನ್ನ ಹತ್ತಿ ಬಂದೀರೇನು? ನಿಮ್ಮ ಒಳ್ಳೆತನ ಎಲ್ಲಾ ನಾಟಕ!"

"ನನ್ನ ಬ್ಯಾಡ ಅಂದ ಆ ಸುನೀತಾ... ನೀವಾ?"

ಅವನ ಮುಖ ಬಾಡಿತು. ಆ ದಿನ ಅವನು ಯಾವ ಜಾಗ ನೋಡಲೂ ಬರಲಿಲ್ಲ. ಬಸ್ಸಿನ ಖಾಲಿ ಸೀಟಿನ ಕಡೆಗೇ ಅವಳ ಕಣ್ಣು. ಸಿಟ್ಟು ಬಂದಿದ್ದರೆ ಅಳು ಯಾಕೆ ಬರಬೇಕು?

ಕೊನೆಗೆ ಚಂದವ್ವನಿಗೇ ತಡೆಯಲಾಗಲಿಲ್ಲ. "ಅಂವಗ ಏನೂ ಗೊತ್ತಿಲ್ಲವ್ವಾ. ಅವರ ಸೋದರತ್ತಿ ಕೂಡ ಮಾತಾಡಿ ಈ ಟೂರಿಗೆ ನಿಮ್ಮಿಬ್ಬರ ಹೆಸರೂ ನಾನಾ ಬರಸೇನಿ. ಬ್ಯಾಡ ಅನ್ನೂದಾದ್ರ ನೋಡಿಯರೆ ಅನ್ಲಿ ಅಂತ..."

"ಅವ್ವಾ!"

ಬೈಯಲೂ ಆಗದೆ ಸುನೀತಾ ದಂಡೆಗೆ ಓಡಿದಳು. ಇಳಿಬಿಸಿಲಲ್ಲಿ ಸೋಮನಿಂಗ ಒಬ್ಬನೇ ಮರಳಿನ ಮೇಲೆ ಕೂತಿದ್ದ.

"ತಪ್ಪಾತ್ರಿ..." ಅವಳು ಪಕ್ಕದಲ್ಲಿ ಕೂತಳು. "ನಿಮಗ ಏನೂ ಗೊತ್ತಿರಲಿಲ್ಲಂತ."

"ಗೊತ್ತಿದ್ರ ಬರ್ತಿರಲಿಲ್ರಿ. ಬ್ಯಾಡ ಅಂದವರ ಮುಂದ ಹೆಂಗ ನಿಲ್ಲೂದು?" ಅವನು ಅಲೆಗಳ ಕಡೆಗೇ ನೋಡುತ್ತಿದ್ದ. "ಆದ್ರ ಬಂದದ್ದು ಚಲೋ ಆತು ಅನಸ್ತೈತಿ. ನನಗ ನೀವು ಭಾಳ ಸೇರೀರಿ."

"ನಾ ನಿಮ್ಮನ್ನ ನೋಡಲಾರದ ಬ್ಯಾಡ ಅಂದಿದ್ನಿ."

"ಈಗ?"

"ಈಗ ನೋಡೇನಿ... ಬ್ಯಾಡ ಅನ್ನಾಕ ಬಾಯಿ ಬರವಲ್ದು."

ಅವನು ತಿರುಗಿದ. ಅವಳ ಕಣ್ಣುಗಳು ತುಂಬಿದ್ದವು. ಆದರೂ ಒಂದು ಮಾತು ಹೇಳಲೇಬೇಕಿತ್ತು.

"ನಾ ಸಾಲಿ ನೌಕರಿ ಬಿಡೂದಿಲ್ಲ. ಇಂಡಿಯಿಂದ ಸಿಂದಗಿಗೆ ದಿನಾ ಬಸ್ಸಿಗೆ ಹೋಗಬೇಕಾಗ್ತೈತಿ."

"ಮುಂಜಾನಿ ಸ್ಟ್ಯಾಂಡಿಗೆ ನಾನಾ ಬಿಡ್ತೇನಿ."

"ಸಂಜಿಗೆ?"

"ಬಸ್ ಎಷ್ಟರೆ ತಡ ಆಗ್ಲಿ," ಸೋಮನಿಂಗ ನಕ್ಕ, "ಇಳಿಯೂ ಹೊತ್ತಿಗೆ ಅಲ್ಲೇ ನಿಂತಿರ್ತೇನಿ."