ಬುಧವಾರವಿಲ್ಲದ ಹಡಗು

ಟಿಣ್...

ನಡುರಾತ್ರಿ ಅಡುಗೆಮನೆಯಲ್ಲಿ ಲೋಹಕ್ಕೆ ಲೋಹ ತಾಗಿದ ಸಣ್ಣ ಸದ್ದು. ದರ್ಶಿನಿ ಕಣ್ಣು ಬಿಟ್ಟು, ಉಸಿರು ಬಿಗಿಹಿಡಿದು ಕಾದಳು. ಇನ್ನು ಬರಲಾರದು ಅಂದುಕೊಳ್ಳುವಷ್ಟು ಹೊತ್ತಾದ ಮೇಲೆ ಮತ್ತೆ... ಟಿಣ್.

ಇಲಿ ಹೀಗೆ ತಾಳ ಹಿಡಿದು ಸದ್ದು ಮಾಡುವುದಿಲ್ಲ.

ಎದ್ದು ಹೋಗಿ ದೀಪ ಹಾಕದೆ ಬಾಗಿಲಲ್ಲೇ ನಿಂತಳು. ಸೋಸಿದ ನೀರಿನ ಬಿಂದಿಗೆಯ ಮುಚ್ಚಳದ ಮೇಲೆ ಬೋರಲು ಹಾಕಿದ್ದ ಲೋಟ ನಿಧಾನವಾಗಿ ಒಂದು ಪಕ್ಕಕ್ಕೆ ವಾಲಿತು. ವಾಲಿದಲ್ಲೇ ತುಸು ನಿಂತಿತು. ಆಮೇಲೆ ಅಷ್ಟೇ ನಿಧಾನವಾಗಿ ನೆಟ್ಟಗಾಯಿತು. ಟಿಣ್.

ಹೊರಗೆ ತೆಂಗಿನ ಗರಿ ಅಲುಗುತ್ತಿರಲಿಲ್ಲ. ಹಳೇಬೀಡಿನ ರಸ್ತೆಯಲ್ಲಿ ಒಂದು ಲಾರಿಯೂ ಇರಲಿಲ್ಲ. ಅವಳು ಲೋಟದ ಮೇಲೆ ಅಂಗೈ ಇಟ್ಟು ಒತ್ತಿದಳು. ತಣ್ಣಗಿದ್ದ ಲೋಟ, ಉಸಿರಾಡುವ ಎದೆಯಂತೆ, ಅವಳ ಕೈಯನ್ನು ಮೆಲ್ಲಗೆ ಮೇಲಕ್ಕೆ ತಳ್ಳಿತು.

ಆ ತಾಳ ಅವಳಿಗೆ ಗೊತ್ತಿತ್ತು. ಅವಳನ್ನು ಮದುವೆಯಾಗಲಿದ್ದ ನಿಶ್ಚಲ್ ಹಡಗಿನಿಂದ ಫೋನಿನಲ್ಲಿ ಹೇಳಿದ್ದ.

"ಗಾಳಿ ಇರಲ್ಲ ಕಣ್ರೀ. ನೀರು ಎಣ್ಣೆ ಥರ ನುಣ್ಣಗಿರತ್ತೆ. ಆದ್ರೂ ಹಡಗು ನಿಧಾನಕ್ಕೆ ಏಳತ್ತೆ, ಇಳಿಯತ್ತೆ. ಎಲ್ಲೋ ದೂರದಲ್ಲಿ ಒಂದು ಬಿರುಗಾಳಿ ಎದ್ದು, ಸತ್ತೂ ಹೋಗಿರತ್ತೆ. ಅದರ ಅಲೆ ಮಾತ್ರ ನಡ್ಕೊಂಡು ಬರ್ತಾನೇ ಇರತ್ತೆ. ಸ್ವೆಲ್ ಅಂತಾರೆ ಅದಕ್ಕೆ."

ಸತ್ತ ಬಿರುಗಾಳಿಯ ಅಲೆ ಬಸ್ತಿಹಳ್ಳಿಯವರೆಗೆ ಹೇಗೆ ಬರುತ್ತದೆ? ನಡುವೆ ಇಡೀ ಘಟ್ಟವೇ ಇದೆಯಲ್ಲ...

* * *

ಅವರಿಬ್ಬರ ಮೊದಲ ಭೇಟಿಯೂ ಹೀಗೇ, ಒಂದು ಬೆಚ್ಚುವಿಕೆಯಿಂದಲೇ ಶುರುವಾಗಿತ್ತು.

ಬಸ್ತಿಹಳ್ಳಿಯ ಬಸದಿಯ ಕರಿಕಲ್ಲಿನ ಕಂಬಗಳಲ್ಲಿ ಮುಖ ಕಾಣುತ್ತದೆ. ಬೇಲೂರಿನ ಆಡಿಟರ್ ಆಫೀಸಿಗೆ ಹೊರಡುವ ಮುಂಚೆ ದರ್ಶಿನಿ ದಿನಾ ಅಲ್ಲಿಗೆ ಹೋಗುವವಳು. ಆವತ್ತು ಕಂಬದಲ್ಲಿ ಅವಳ ಮುಖದ ಹಿಂದೆ ಇನ್ನೊಂದು ಮುಖವಿತ್ತು. ಗಂಡಸಿನದು. ತಟ್ಟನೆ ತಿರುಗಿದಳು. ಯಾರೂ ಇಲ್ಲ. ಮತ್ತೆ ಕಂಬ ನೋಡಿದರೆ ಆ ಮುಖ ಅಲ್ಲೇ ಇದೆ, ಅವಳಷ್ಟೇ ಹೆದರಿ ಅವಳನ್ನೇ ನೋಡುತ್ತಿದೆ.

"ಹೆದರ್ಕೋಬೇಡಿ, ನಾನು ಈ ಕಡೆ ಇದೀನಿ," ಎಂದಿತು ದನಿ. ಆಚೆ ಕಂಬದ ಮರೆಯಿಂದ ಅವನು ಈಚೆ ಬಂದ. ಅಲ್ಲಿಂದ ಅವನ ಬಿಂಬ ಕಂಬದಿಂದ ಕಂಬಕ್ಕೆ ಬಿದ್ದು ಅವಳ ಹೆಗಲ ಮೇಲೆ ಬಂದು ಕೂತಿತ್ತು.

"ಮೊದಲೇ ಕೆಮ್ಮಬಾರದಿತ್ತಾ?"

"ಬಸದೀಲಿ ಕೆಮ್ಮಿದ್ರೆ ನಮ್ಮಮ್ಮ ಬೈತಾರೆ."

ನಗಬಾರದು ಅಂದುಕೊಂಡಿದ್ದಳು. ನಕ್ಕುಬಿಟ್ಟಳು.

ಅವನು ಹುಲಿಕೆರೆಯವನು. ದೊಡ್ಡ ಪ್ರವಾಸಿ ಹಡಗೊಂದರಲ್ಲಿ ಜೈನ ಪ್ರಯಾಣಿಕರಿಗೆಂದೇ ಇಟ್ಟ ಅಡುಗೆಯವನು. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಯಾವುದೂ ಇಲ್ಲದ ಅಡುಗೆ. ಹೊತ್ತು ಮುಳುಗುವ ಮೊದಲೇ ಊಟ. ನೆಲವೇ ಕಾಣದ ಸಮುದ್ರದಲ್ಲಿ ವಾರಗಟ್ಟಲೆ ಹೋಗುವ ಹಡಗು ಅದು. ಮೋಡ ಕವಿದ ದಿನ ಹೊತ್ತು ಯಾವಾಗ ಮುಳುಗಿತು ಅಂತ ಪ್ರಯಾಣಿಕರು ಕ್ಯಾಪ್ಟನ್‌ನನ್ನು ಬಿಟ್ಟು ಇವನನ್ನೇ ಕೇಳುತ್ತಾರಂತೆ.

ರಜೆ ಮುಗಿಯುವಷ್ಟರಲ್ಲಿ ಮಾತು ಮನೆಯವರೆಗೆ ಬಂತು. ಹಿರಿಯರು ಒಪ್ಪಿದರು. ಈ ಸಲದ ಪ್ರಯಾಣ ಮುಗಿಸಿ ಬಂದ ಮೇಲೆ ನಿಶ್ಚಿತಾರ್ಥ. ಅತ್ತಿಗೆ ಪದ್ಮಲತಾಗೆ ಅಂತೂ ಹಬ್ಬ.

"ಹೆಸರು ನಿಶ್ಚಲ, ಇರೋದು ಅಲ್ಲಾಡೋ ಹಡಗಲ್ಲಿ. ಚೆನ್ನಾಗಿ ಆರಿಸಿದೀಯ ಕಣೇ," ಎಂದು ದಿನಕ್ಕೊಮ್ಮೆ ಕಾಡುತ್ತಿದ್ದಳು.

ಅಪ್ಪಾಜಿ ಅಜಿತ್ ಕುಮಾರ್ ಅವರದು ಒಂದೇ ಅನುಮಾನ. ನೀರಿನ ಮೇಲೆ ಬದುಕುವ ಹುಡುಗ ವ್ರತ ನಿಯಮ ಉಳಿಸಿಕೊಂಡಾನೆಯೇ ಅಂತ. ದರ್ಶಿನಿಗೆ ಅದರ ಚಿಂತೆ ಇರಲಿಲ್ಲ. ಅವನು ನಿಯಮ ತಪ್ಪಿದರೂ ಅವಳು ಸಹಿಸಿಯಾಳು. ತಪ್ಪಿಲ್ಲ ಎಂದು ಸುಳ್ಳು ಹೇಳಿದರೆ? ವರ್ಷದಲ್ಲಿ ಹತ್ತು ತಿಂಗಳು ಕಣ್ಣಿಗೆ ಕಾಣದ ಗಂಡನನ್ನು ಅವನ ಮಾತಿನಿಂದಲ್ಲದೆ ಇನ್ನಾವುದರಿಂದ ಹಿಡಿದುಕೊಳ್ಳುವುದು?

ಆ ಭಯಕ್ಕೆ ಜೊತೆಯಾಗಿ ಸಮುದ್ರದ ಭಯ. ರಾತ್ರಿ ಮೊಬೈಲಿನಲ್ಲಿ ಹವಾಮಾನದ ನಕ್ಷೆ ತೆರೆದು ಕೂರುತ್ತಿದ್ದಳು. ನೀಲಿ ಅಂದರೆ ಶಾಂತ. ಹಳದಿ ಅಂದರೆ ಜಾಗ್ರತೆ. ನೇರಳೆ ಬಣ್ಣ ಕಂಡರೆ ಊಟ ಸೇರುತ್ತಿರಲಿಲ್ಲ.

ಲೋಟ ಸದ್ದು ಮಾಡಿದ ಆ ರಾತ್ರಿ ನಕ್ಷೆಯಲ್ಲಿ, ಅವನ ಹಡಗು ಹವಾಯಿಯಿಂದ ನ್ಯೂಜಿಲೆಂಡಿಗೆ ಹೋಗುವ ದಾರಿಯ ಪಕ್ಕದಲ್ಲಿ, ನೇರಳೆ ಬಣ್ಣದ ಒಂದು ಚುಕ್ಕೆ ಹುಟ್ಟಿತ್ತು.

ಬೆಳಿಗ್ಗೆ ಅವನಿಗೆ ಫೋನಿನಲ್ಲಿ ಹೇಳಿದಳು. ಬರುವ ಬುಧವಾರ ಚತುರ್ದಶಿ. ನಿಮ್ಮ ಪ್ರಯಾಣ ಸುಖವಾಗಲಿ ಅಂತ ಉಪವಾಸ ಇರುತ್ತೇನೆ. ಆದರೆ ನೀವೂ ಇರಿ, ಅಂತ. ಕೇಳುವಾಗ ನಾಚಿಕೆಯಾಯಿತು. ಅವನು ನಗಲಿಲ್ಲ.

"ಇರ್ತೀನಿ. ಬುಧವಾರ ಪೂರ್ತಿ."

* * *

ಬುಧವಾರ ಸಂಜೆ.

ಹೊತ್ತು ಮುಳುಗುವ ಮೊದಲು ಮನೆಯವರೆಲ್ಲ ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದರು. ದರ್ಶಿನಿ ಒಬ್ಬಳೇ ನಡುಮನೆಯಲ್ಲಿ ಗೋಡೆಗೆ ಒರಗಿದ್ದಳು. ಬೆಳಗಿನಿಂದ ಹನಿ ನೀರೂ ಕುಡಿದಿರಲಿಲ್ಲ. ಹಸಿವು ಮಧ್ಯಾಹ್ನವೇ ಸತ್ತು, ಈಗ ಮೈ ಹಗುರಾಗಿ, ತನ್ನದಲ್ಲವೆನ್ನಿಸುತ್ತಿತ್ತು.

ನೆಲ ವಾಲಿತು.

ಗೋಡೆಯ ಕ್ಯಾಲೆಂಡರ್ ಅಲುಗಲಿಲ್ಲ, ಮೂಲೆಯ ಕೊಡೆ ಬೀಳಲಿಲ್ಲ. ಆದರೂ ನೆಲ ಒಂದು ಕಡೆಗೆ ಇಳಿಯುತ್ತಾ, ಇಳಿಯುತ್ತಾ ಹೋಗಿ, ಇನ್ನು ಏಳುವುದೇ ಇಲ್ಲವೇನೋ ಎಂಬಂತೆ ತಳದಲ್ಲಿ ನಿಂತಿತು. ಇಂಗು ಮತ್ತು ಡೀಸೆಲ್ ಬೆರೆತ ವಾಸನೆ ಮೂಗಿಗೆ ಬಡಿಯಿತು. ಬೆನ್ನ ಹಿಂದಿನ ಗೋಡೆ ಕಬ್ಬಿಣದಷ್ಟು ತಣ್ಣಗಿತ್ತು. ಅದರಾಚೆ ಏನೋ ಕಿರ್ರೆಂದಿತು... ಭಾರ ತಡೆಯಲಾರದ ಪಟ್ಟಿಯೊಂದು ಎಳೆ ಎಳೆಯಾಗಿ ಬಿಡುವ ಹಾಗೆ.

ಪಕ್ಕದಲ್ಲೇ ಯಾರೋ ಉಸಿರಾಡುತ್ತಿದ್ದರು.

"ಅಲ್ಲಿ ಕೂರಬೇಡಿ. ಎದ್ದೇಳಿ," ಎಂದಳು ದರ್ಶಿನಿ. ಗಟ್ಟಿಯಾಗಿ. ಯಾಕೆ ಅಂದಳೋ ಅವಳಿಗೇ ತಿಳಿಯದು.

"ಯಾರಿಗೆ ಕಣೇ ಹೇಳ್ತಿರೋದು?" ಅತ್ತಿಗೆ ಒಳಗಿನಿಂದ ಕೂಗಿದಳು.

"ಬೆಕ್ಕಿಗೆ."

ಅವರ ಮನೆಯಲ್ಲಿ ಬೆಕ್ಕೇ ಇರಲಿಲ್ಲ.

ನೆಲ ಸರಿಯಾಯಿತು. ವಾಸನೆ ಹೋಯಿತು. ಅಷ್ಟು ದಿನ ರಾತ್ರಿ ಸದ್ದು ಮಾಡುತ್ತಿದ್ದ ಲೋಟವೂ ಅಂದಿನಿಂದ ಸುಮ್ಮನಾಯಿತು. ಸದ್ದಿಗಿಂತ ಆ ಮೌನವೇ ಅವಳನ್ನು ಹೆಚ್ಚು ಹೆದರಿಸಿತು.

* * *

ಎರಡು ದಿನ ಅವನಿಂದ ಸುದ್ದಿಯಿಲ್ಲ. ಮೂರನೆಯ ದಿನ ಎರಡು ಸಾಲಿನ ಮೆಸೇಜು. ಬಿರುಗಾಳಿಯ ಅಂಚು ತಾಗಿತ್ತು, ಸಿಗ್ನಲ್ ಇರಲಿಲ್ಲ, ಈಗ ಆರಾಮ. ಉಪವಾಸ ಮಾಡಿದೆ, ಬುಧವಾರ ಪೂರ್ತಿ.

ದರ್ಶಿನಿ ಆ ಮೊಬೈಲನ್ನು ಎದೆಗೆ ಒತ್ತಿಕೊಂಡು ಅತ್ತಳು.

ಅಂದೇ ಸಂಜೆ ಅತ್ತಿಗೆ ಒಂದು ವಿಡಿಯೋ ತೋರಿಸಿದಳು. ಅದೇ ಹಡಗಿನಲ್ಲಿದ್ದ ಮೈಸೂರಿನ ಚಿತ್ರಾ ಎಂಬ ಹೆಂಗಸು, ಹಿಂದೆ ಬೂದು ಸಮುದ್ರ.

"ನಮ್ಮ ಹಡಗಲ್ಲಿ ಬುಧವಾರಾನೇ ಬರಲಿಲ್ಲ ಕಣ್ರೀ. ಮಂಗಳವಾರ ರಾತ್ರಿ ಮಲಗಿದ್ವಿ, ಗುರುವಾರ ಎದ್ವಿ. ಸಮುದ್ರದ ಮಧ್ಯ ಅದೇನೋ ತಾರೀಕಿನ ಗೆರೆ ದಾಟಿದ್ವಂತೆ. ನನ್ನ ಬುಧವಾರದ ಬಿ.ಪಿ. ಮಾತ್ರೆ ಹಾಗೇ ಉಳ್ಕೊಂಡಿದೆ, ಏನ್ ಮಾಡ್ಲಿ ಹೇಳಿ."

ಅತ್ತಿಗೆ ಬಿದ್ದು ಬಿದ್ದು ನಕ್ಕಳು. ದರ್ಶಿನಿಯ ಮುಖದಲ್ಲಿ ರಕ್ತವಿರಲಿಲ್ಲ.

ಶಾಲೆಯಲ್ಲಿ ಓದಿದ್ದು ನೆನಪಾಯಿತು. ಪಶ್ಚಿಮಕ್ಕೆ ಹೋಗುವ ಹಡಗು ಆ ಗೆರೆ ದಾಟಿದರೆ ಒಂದು ದಿನವನ್ನೇ ಬಿಟ್ಟುಬಿಡುತ್ತದೆ. ಅದೇ ದಾರಿಯಲ್ಲಿ ಓಡಾಡುವವನಿಗೆ ಇದು ಮೊದಲೇ ಗೊತ್ತಿರಲೇಬೇಕು. ತನ್ನ ಹಡಗಿಗೆ ಎಂದೂ ಬರದ ದಿನಕ್ಕೆ ಅವನು ಮಾತು ಕೊಟ್ಟಿದ್ದ... ಇಲ್ಲದ ಬುಧವಾರವನ್ನು "ಪೂರ್ತಿ" ಉಪವಾಸ ಮಾಡಿದ್ದ.

ಹಸಿದು ಕೂತು, ಇಲ್ಲದ ಉಸಿರು ಕೇಳಿ, ಇಲ್ಲದ ಬೆಕ್ಕಿಗೆ ಮಾತಾಡಿದ ತಾನೆಂಥ ಹುಚ್ಚಿ.

ಅವನ ನಂಬರನ್ನು ಬ್ಲಾಕ್ ಮಾಡಿದಳು. ನಿಶ್ಚಿತಾರ್ಥದ ದಿನ ನೋಡುವುದು ಬೇಡ ಎಂದು ಅಪ್ಪಾಜಿಗೆ ಹೇಳಿದಳು. ಕಾರಣ ಹೇಳಲಿಲ್ಲ. ಅವರು ಆಗಲಿ ಎಂದಷ್ಟೇ ಹೇಳಿ ಎದ್ದು ಹೋದರು.

* * *

ಪ್ರಯಾಣ ಮುಗಿಸಿ ಮುಂಬೈಗೆ ಬಂದಿಳಿದ ನಿಶ್ಚಲ್, ಅತ್ತಿಗೆಗೆ ಫೋನ್ ಮಾಡಿ ಅರಸೀಕೆರೆಗೆ ಬರುವ ರೈಲು ಹೇಳಿದ. ಮುಖ ಕೊಟ್ಟು ಬೇಡ ಅನ್ನು, ಹೀಗೆ ಬಾಗಿಲು ಹಾಕಿಕೊಂಡು ಕೂರುವುದು ಮರ್ಯಾದೆಯಲ್ಲ ಎಂದು ಅತ್ತಿಗೆ ಗದರಿದಳು. ಅದು ನ್ಯಾಯ ಅನ್ನಿಸಿತು. ದರ್ಶಿನಿ ಬೆಳಿಗ್ಗೆ ಜಾವಗಲ್ ಮೇಲೆ ಅರಸೀಕೆರೆಗೆ ಹೋಗುವ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಒಂದೇ ವಾಕ್ಯಕ್ಕೆ ತಂದಿದ್ದಳು.

ಪ್ಲಾಟ್‌ಫಾರಂ ಮೇಲೆ ಅವನು ಇಳಿದ. ಅವನು ಸೊರಗಿದ್ದ. ಹುಬ್ಬಿನ ಮೇಲೆ ಹೊಸದಾಗಿ ಮಾಯುತ್ತಿರುವ ಗಾಯ.

"ಬುಧವಾರ ನಿಮ್ಮ ಹಡಗಲ್ಲಿ ಇರಲೇ ಇಲ್ಲ," ಎಂದಳು.

ಅವನು ತಕ್ಷಣ ಅರ್ಥ ಮಾಡಿಕೊಂಡ. ಬ್ಯಾಗನ್ನು ಕೆಳಗಿಟ್ಟು, ಕೈಯಲ್ಲಿದ್ದ ಹಳೆಯ ವಾಚು ಬಿಚ್ಚಿ ಅವಳ ಕೈಗಿಟ್ಟ. ನಿಲ್ದಾಣದ ದೊಡ್ಡ ಗಡಿಯಾರದಲ್ಲಿದ್ದ ಹೊತ್ತೇ ಅದರಲ್ಲಿತ್ತು.

"ಹಡಗಲ್ಲಿ ಆಗಾಗ ಗಡಿಯಾರ ತಿರುಗಿಸ್ತಾರೆ. ಇದನ್ನ ನಾನು ಒಂದು ಸಲಾನೂ ತಿರುಗಿಸಿಲ್ಲ. ಇದರಲ್ಲಿರೋದು ಬಸ್ತಿಹಳ್ಳಿ ಹೊತ್ತು. ನಿಮ್ಮೂರಲ್ಲಿ ಸೂರ್ಯ ಹುಟ್ಟಿದಾಗ ಊಟ ಬಿಟ್ಟೆ. ಹಡಗಲ್ಲಿ ಆಗ ಮಂಗಳವಾರ ಮಧ್ಯಾಹ್ನ. ನಿಮ್ಮೂರಲ್ಲಿ ಮತ್ತೆ ಸೂರ್ಯ ಹುಟ್ಟಿದಾಗ ನೀರು ಕುಡಿದೆ. ಹಡಗಲ್ಲಿ ಆಗ ಗುರುವಾರ ಮಧ್ಯಾಹ್ನ. ಜೊತೆಯವರು ನಕ್ಕರು, ಇದೆಂಥ ಅರ್ಧ ಅರ್ಧ ಉಪವಾಸಾನೋ ಅಂತ." ಅವನು ಉಸಿರೆಳೆದುಕೊಂಡ. "ಬುಧವಾರ ಹಡಗಲ್ಲಿರಲಿಲ್ಲ. ನಿಮ್ಮ ಮನೇಲಿತ್ತಲ್ಲ. ನಾನೂ ಅಲ್ಲೇ ಇದ್ದೆ."

ದರ್ಶಿನಿ ಅವನ ಹುಬ್ಬಿನ ಗಾಯದತ್ತ ಬೆರಳು ತೋರಿಸಿದಳು.

ಅವನು ಸುತ್ತ ನೋಡಿ ದನಿ ತಗ್ಗಿಸಿದ. ಆ ರಾತ್ರಿ ಹಡಗು ವಿಪರೀತ ಹೊಯ್ದಾಡುತ್ತಿತ್ತಂತೆ. ಬೇರೆಯವರು ಊಟದ ಕೋಣೆಯಲ್ಲಿ ಒಟ್ಟಿಗೆ ಸೇರಿದ್ದರು. ಉಪವಾಸವಿದ್ದ ಇವನು ಅನ್ನದ ವಾಸನೆ ಬೇಡವೆಂದು ಸಾಮಾನಿನ ಉಗ್ರಾಣಕ್ಕೆ ಹೋಗಿ, ಎಣ್ಣೆ ಡಬ್ಬಗಳ ಕಬ್ಬಿಣದ ಕಪಾಟಿಗೆ ಒರಗಿ ನೆಲದ ಮೇಲೆ ಕೂತಿದ್ದ. ಸರಿಯಾಗಿ ತಾರೀಕು ಬದಲಾಯಿಸುವ ಹೊತ್ತು. ಮಂಗಳವಾರ ಮುಗಿದು ಗುರುವಾರ ಹುಟ್ಟುವ ಗಳಿಗೆ. ವಾಚಿನಲ್ಲಿ ಇನ್ನೂ ಸಂಜೆ.

"ಯಾರೋ ಮಾತಾಡಿದ್ರು ದರ್ಶಿನಿ. ಕಿವಿ ಪಕ್ಕದಲ್ಲೇ, ಕನ್ನಡದಲ್ಲಿ. ಅಲ್ಲಿ ಕೂರಬೇಡಿ, ಎದ್ದೇಳಿ, ಅಂತ. ಎದ್ದೆ. ಎರಡು ಹೆಜ್ಜೆ ಇಟ್ಟಿರಲಿಲ್ಲ, ಪಟ್ಟಿ ಕಿತ್ಕೊಂಡು ಇಡೀ ಕಪಾಟು ನಾನು ಕೂತಿದ್ದ ಜಾಗಕ್ಕೆ ಬಿತ್ತು. ಒಂದು ಡಬ್ಬ ಹಾರಿ ಬಂದು ಇಲ್ಲಿ ತಾಗಿದ್ದು, ಅಷ್ಟೇ."

ರೈಲು ಹೊರಟಿತು.

"ಹಡಗಲ್ಲಿ ಯಾರಿಗೂ ಹೇಳಿಲ್ಲ. ನೀವು ನನ್ನನ್ನ ಬೇಡ ಅಂದ್ರೂ ಸರಿ," ಎಂದ ಅವನು. "ಆದ್ರೆ ಅದು ನಿಮ್ಮ ದನಿ. ಅವತ್ತಿಂದ ಬೇರೆ ಯಾವ ದನೀನೂ ನನಗೆ ಬೇಡ ಅನ್ನಿಸಿದೆ. ಇಷ್ಟನ್ನ ಹೇಳಕ್ಕೇ ಬಂದೆ."

ಅವಳು ಬಾಯಿ ತೆರೆದರೆ ಎಲ್ಲವೂ ಬಂದುಬಿಡುವಂತಿತ್ತು... ವಾಲಿದ ನೆಲ, ಇಂಗಿನ ವಾಸನೆ, ಪಕ್ಕದ ಉಸಿರು.

ತೆರೆಯಲಿಲ್ಲ.

ಆ ಕಪಾಟಿನ ಕೆಳಗೆ ಅವನನ್ನು ಕೂರಿಸಿದ್ದು ತಾನು ಕೇಳಿದ ಉಪವಾಸ. ಎಬ್ಬಿಸಿದ್ದು ತನ್ನದೇ ಮಾತು. ಇದು ಗೊತ್ತಾದರೆ ನಾಳೆ ಇವನು ಎಂಥ ಅಲೆಗೂ ಹೆದರುವುದಿಲ್ಲ. ದರ್ಶಿನಿ ಕೂಗುತ್ತಾಳೆ ಅಂತ ಕಾದು ಕೂರುತ್ತಾನೆ. ಒಂದು ದಿನ ತಾನು ಕೂಗದೆ ಹೋದರೆ? ಸಮುದ್ರಕ್ಕೆ ಹೆದರುವವನು ಮಾತ್ರ ಸಮುದ್ರದಿಂದ ಮನೆಗೆ ಬರುತ್ತಾನೆ.

ಅವನು ಸುಳ್ಳು ಹೇಳಿದನೆಂದು ಇಷ್ಟು ದಿನ ಮುನಿದಿದ್ದ ಅವಳೇ ಈಗ ಸುಳ್ಳು ಹೇಳಿದಳು.

"ಹಸಿದ ಹೊಟ್ಟೆ. ಕಿವಿಗೆ ಏನೇನೋ ಕೇಳಿಸುತ್ತೆ."

ಅವನು ಅವಳ ಕಣ್ಣನ್ನೇ ನೋಡಿದ. "ಇರಬಹುದು," ಎಂದ. ನಂಬಿದವನ ಹಾಗೆ ಕಾಣಲಿಲ್ಲ.

"ಅಲೆ ಎದ್ದಾಗ ಕಬ್ಬಿಣದ ಕಪಾಟಿನ ಹತ್ತಿರ ಕೂರಲ್ಲ ಅಂತ ಮಾತು ಕೊಡಿ."

"ಯಾವ ಊರಿನ ಹೊತ್ತಿನ ಪ್ರಕಾರ?"

"ಎಲ್ಲಾ ಊರಿನದೂ."

"ಕೊಟ್ಟೆ. ಅಪ್ಪಾಜಿಗೆ ಏನು ಹೇಳ್ತೀರಾ?"

"ನಿಶ್ಚಿತಾರ್ಥಕ್ಕೆ ದಿನ ನೋಡಿ ಅಂತ." ಮುಖ ಬಿಸಿಯಾಗಿ ಅವಳು ಆಚೆ ತಿರುಗಿದಳು. "ರೈಲಲ್ಲಿ ಏನಾದ್ರೂ ತಿಂದ್ರಾ?"

"ಇಲ್ಲ. ನೀವು?"

"ನಿನ್ನೆ ಸಂಜೆಯಿಂದ ಇಲ್ಲ."

"ಹಾಗಾದ್ರೆ ನಡೀರಿ, ಹೊತ್ತು ಬೇಕಾದಷ್ಟಿದೆ," ಎಂದು ಅವನು ಬ್ಯಾಗು ಎತ್ತಿಕೊಂಡು, ಇನ್ನೊಂದು ಕೈಯನ್ನು ಮೆಲ್ಲಗೆ ಮುಂದೆ ಚಾಚಿದ. ಅವಳು ಹಿಡಿದುಕೊಂಡಳು. ಬೆಚ್ಚಗಿತ್ತು.

ಮೇಲ್ಸೇತುವೆಯ ಮೆಟ್ಟಿಲು ಹತ್ತುವಾಗ ಅವನು ಮತ್ತೊಮ್ಮೆ ಅವಳತ್ತ ತಿರುಗಿ ನೋಡಿದ, ಏನೋ ಕೇಳುವವನಂತೆ. ಅವಳು ನಕ್ಕು, ಮೆಟ್ಟಿಲು ನೋಡಿಕೊಂಡು ಹತ್ತಿ ಎಂದಳು. ಆ ಬುಧವಾರ ಸಂಜೆ ನಡುಮನೆಯಲ್ಲಿ ನಡೆದದ್ದನ್ನು ಅಪ್ಪಾಜಿಗಾಗಲಿ, ಅತ್ತಿಗೆಗಾಗಲಿ, ಈ ಕೈ ಹಿಡಿದವನಿಗಾಗಲಿ, ಎಂದೆಂದಿಗೂ ಹೇಳುವುದಿಲ್ಲವೆಂದು ಅವಳು ಅಷ್ಟರಲ್ಲೇ ನಿರ್ಧರಿಸಿಯಾಗಿತ್ತು.