ಗರಗರ ಬೆಟ್ಟಕ್ಕೆ ತಿರುಗಿದ ಕಿಟಕಿ

ಬಹಳ ಹಿಂದೆ, ಇಂಚರದುರ್ಗ ಎಂಬ ರಾಜ್ಯದಲ್ಲಿ ಯಾರಿಗೂ ನಿದ್ದೆ ಬರುತ್ತಿರಲಿಲ್ಲ. ಬೆಟ್ಟದ ಮೇಲೆ ಗರಗಾಸುರನೆಂಬ ಮಾಂತ್ರಿಕ ಹಗಲೂ ರಾತ್ರಿ ಬೀಸುವ ಕಲ್ಲು ತಿರುಗಿಸುತ್ತಿದ್ದ. ಜನರ ನಿದ್ದೆಯನ್ನೇ ಅದಕ್ಕೆ ಹಾಕಿ ಬೀಸುತ್ತಿದ್ದ. ಆ ರಾಜ್ಯದಲ್ಲಿ ರೇಡಿಯೊ ಇತ್ತು. ಅದರಲ್ಲೂ ಬರೀ ಗರಗರ, ಗರಗರ.

ಅಲ್ಲಿನ ಹುಡುಗಿ ನಾಗಲೆಯ ತಮ್ಮ ಕೆಂಚ ಆ ಕಲ್ಲು ನಿಲ್ಲಿಸಲು ಹೋಗಿ ಸೆರೆಸಿಕ್ಕಿದ. ಅವನ ಬಳಿ ಮಾಯಾಶಂಖವಿತ್ತು. ಅದರಲ್ಲಿ ಆಡಿದ ಮಾತು ರೇಡಿಯೊದಲ್ಲಿ ಬರುತ್ತಿತ್ತು.

"ಅಕ್ಕಾ, ಕಲ್ಲನ್ನು..." ಗರಗರ. "ಅಮಾವಾಸ್ಯೆಗೆ ನನ್ನನ್ನೂ ಬೀಸ್ತಾನೆ. ಕಲ್ಲನ್ನು..." ಗರಗರ.

ನಾಗಲೆ ಎದ್ದಳು, ಕೂತಳು, ಮತ್ತೆ ಎದ್ದಳು. ತಮ್ಮನ ಮಾತು ಪೂರ್ತಿ ಕೇಳಬೇಕಾದರೆ ದೊಡ್ಡ ಆಂಟೆನಾ ಬೇಕು. ನಾಳೆಯೇ ಅಮಾವಾಸ್ಯೆ.

ಕೋಟೆಯ ಹಿಂದಿನ ಗುಜರಿ ಗುಡ್ಡಕ್ಕೆ ಓಡಿದಳು. ಸುಟ್ಟ ಫ್ಯಾನಿನ ಸುತ್ತ ತುಕ್ಕಿನ ನಾಯಿ ಸುತ್ತುತ್ತಿತ್ತು.

"ತಾಮ್ರದ ತಂತಿ ಕೊಡು. ನಿದ್ದೆ ಕೊಡ್ತೀನಿ."

"ನಿನ್ನ ಹತ್ರ ಇದ್ದರೆ ತಾನೇ!" ನಾಯಿ ನಕ್ಕಿತು. ಆದರೂ ಕೊಟ್ಟಿತು.

ಮುರಿದ ಕಿಟಕಿಯ ಚೌಕಟ್ಟಿನ ಮೇಲೆ ಕಬ್ಬಿಣದ ಕಾಗೆ ಕುಪ್ಪಳಿಸುತ್ತಿತ್ತು.

"ಚೌಕಟ್ಟು ಕೊಡು. ನಿದ್ದೆ ಕೊಡ್ತೀನಿ."

"ತಗೊಂಡು ಹೋಗಮ್ಮ. ಕೂತರೂ ನೆಮ್ಮದಿ ಇಲ್ಲ ಇದರ ಮೇಲೆ."

ಹಳೆಯ ರೇಡಿಯೊದಲ್ಲಿ ಸ್ಟೇಷನ್ ಹಿಡಿಯುವ ಕಂಡೆನ್ಸರನ್ನು ಮೊರದಗಲ ಕಿವಿಯ ಹುಲಿ ಕಾಲಡಿ ಇಟ್ಟುಕೊಂಡಿತ್ತು. "ಮೊದಲು ನಿದ್ದೆ, ಆಮೇಲೆ ಸಾಮಾನು. ಇಲ್ಲಾಂದ್ರೆ ನಿನ್ನ ತಿಂದಾದ್ರೂ ನಿದ್ದೆ ಬರುತ್ತಾ ನೋಡ್ತೀನಿ."

ನಾಗಲೆ ಅದರ ತಲೆಯನ್ನು ಮೆಲ್ಲಗೆ ತಿರುಗಿಸುತ್ತ ಹೋದಳು. ಒಂದು ಕಡೆ ಬಂದಾಗ ಸದ್ದು ಕಿವಿಯ ಪಕ್ಕದಲ್ಲೇ ಜಾರಿಹೋಯಿತು. ಹುಲಿ ಆಕಳಿಸಿ ಮಲಗಿಬಿಟ್ಟಿತು.

ಕಂಡೆನ್ಸರನ್ನು ಎತ್ತಿಕೊಂಡು ಮನೆಗೆ ಬಂದು ಚೌಕಟ್ಟಿಗೆ ತಂತಿ ಸುತ್ತಿದಳು. ತುದಿಗಳನ್ನು ಕಂಡೆನ್ಸರಿಗೆ ಸೇರಿಸಿ, ರೇಡಿಯೊವನ್ನೂ ಚೌಕಟ್ಟಿಗೇ ಕಟ್ಟಿದಳು. ಗರಗರ ಹತ್ತುಪಟ್ಟಾಯಿತು!

"ಏ ಹುಡುಗಿ, ಇದ್ದಿದ್ದೇ ಸಾಲದು ಅಂತ ಇನ್ನೂ ಜೋರು ಮಾಡಿದೆಯಾ?" ಪಕ್ಕದ ಮನೆಯ ತಾಯಕ್ಕ ಕೂಗಿದಳು.

"ತಡೀರಿ ಅತ್ತೆ."

ಹುಲಿಯ ತಲೆಯ ಹಾಗೆ ಚೌಕಟ್ಟನ್ನೂ ತಿರುಗಿಸಿದಳು. ಕಿಟಕಿಯ ಬಾಯಿ ಬೆಟ್ಟಕ್ಕೆ ನೇರವಾದದ್ದೇ ತಡ, ಗರಗರ ಮಾಯ. ತಮ್ಮನ ದನಿ ಕಿವಿಯಲ್ಲೇ ಕೇಳಿಸಿತು: "ಅಕ್ಕಾ, ನಾನು ಬೆಟ್ಟದಲ್ಲಿಲ್ಲ, ಕೆರೆಯಾಚೆ ಪಂಜರದಲ್ಲಿದ್ದೀನಿ. ಕಲ್ಲನ್ನು ಹಿಂದಕ್ಕೆ ತಿರುಗಿಸು!"

ಕಿಟಕಿಯನ್ನು ಮುಂದೆ ಹಿಡಿದು ನಾಗಲೆ ಬೆಟ್ಟ ಹತ್ತಿದಳು. ಸದ್ದು ಅವಳನ್ನು ಮುಟ್ಟಲಿಲ್ಲ.

"ಯಾರೇ ನೀನು? ನನ್ನ ಗರಗರ ಕೇಳಿಸಲ್ವಾ?" ಮಾಂತ್ರಿಕ ಬೆದರಿದ. ಅವನ ಕಣ್ಣುಗಳೂ ಕೆಂಡದ ಹಾಗಿದ್ದವು; ಅವನೂ ಮಲಗಿ ನೂರು ವರ್ಷವಾಗಿತ್ತು.

ನಾಗಲೆ ಗೂಟ ಹಿಡಿದು ಕಲ್ಲನ್ನು ಹಿಂದಕ್ಕೆ ತಿರುಗಿಸಿದಳು. ಬೀಸಿದ ನಿದ್ದೆಯೆಲ್ಲ ಹಿಟ್ಟಾಗಿ ಹಾರಿತು. ಮೊದಲ ಹಿಡಿ ಬಿದ್ದದ್ದು ಮಾಂತ್ರಿಕನ ಮೇಲೆ. ನಿಂತಲ್ಲೇ ತೂಕಡಿಸಿ, ಮಲಗಿ, ಬಂಡೆಯಾದ. ಪಂಜರ ತಾನಾಗಿ ತೆರೆಯಿತು.

ಅಂದು ನಾಯಿ ಮಲಗಿತು, ಕಾಗೆ ಮಲಗಿತು, ರಾಜನೂ ಸಿಂಹಾಸನದಲ್ಲೇ ಗೊರಕೆ ಹೊಡೆದ. ಊರೆಲ್ಲ ಸುಖವಾಗಿತ್ತು.

"ಅಕ್ಕಾ, ಇನ್ನಾದ್ರೂ ಮಲಗೇ," ಅಂದ ಕೆಂಚ.

ನಾಗಲೆ ಕಿಟಕಿಯನ್ನು ಇನ್ನೊಂದು ದಿಕ್ಕಿಗೆ ತಿರುಗಿಸುತ್ತಿದ್ದಳು.

"ಒಂದು ನಿಮಿಷ ಇರೋ. ದೂರದಲ್ಲಿ ಯಾರೋ ಹಾಡ್ತಿದ್ದಾರೆ."