ಹಳದಿ ಆದಮೇಲೆ ನೀಲಿ

"ಬಾಗಿಲು ಮುಚ್ಚೇ! ದೂಳು ಬರ್ತಿದೆ!" ಅಪ್ಪ ಶೆಡ್ಡಿನ ಒಳಗಿನಿಂದಲೇ ಕೂಗಿದ.

ಮರ್ಯೋರಿ ಊಟದ ಡಬ್ಬಿ ಹಿಡಿದು ಒಳಗೆ ನುಗ್ಗಿದಳು. ಬೆನ್ನಿನಿಂದಲೇ ಬಾಗಿಲನ್ನು ದೂಡಿ ಮುಚ್ಚಿದಳು. ಪೇಂಟಿಗೆ ಬೆರೆಸುವ ಥಿನ್ನರ್ ವಾಸನೆಗೆ ಕಣ್ಣು ಉರಿಯಿತು.

ಶೆಡ್ಡಿನ ತುಂಬ ಚೀವಾ ಬಸ್ಸು. ಕಾಫಿ ಮೂಟೆ, ಕೋಳಿ, ಜನ ಎಲ್ಲವನ್ನೂ ಹೊತ್ತು ಬೆಟ್ಟ ಹತ್ತುವ ಮರದ ಬಸ್ಸು ಅದು. ಅದರ ಬೆನ್ನಿನ ಮೇಲೆ ಅಪ್ಪ ದೊಡ್ಡ ನಕ್ಷತ್ರ ಬಿಡಿಸುತ್ತಿದ್ದ. ಹಾರ್ದಿನ್ ಊರಿನ ಚೀವಾಗಳ ನಕ್ಷತ್ರಗಳೆಲ್ಲ ಅಪ್ಪನ ಕೈಯವೇ. ಎದುರಿಗೆ ಚಿತ್ರ ಇಟ್ಟುಕೊಂಡವನಲ್ಲ. ಎಲ್ಲ ತಲೆಯಲ್ಲೇ.

ಅಪ್ಪ ಬ್ರಷ್ ಎತ್ತಿದವನು ಹಾಗೇ ನಿಂತ.

"ಮಗಳೇ, ಹಳದಿ ಆದಮೇಲೆ ಯಾವ ಬಣ್ಣ?"

ತಮಾಷೆ ಎಂದುಕೊಂಡು ಮರ್ಯೋರಿ ನಕ್ಕಳು. ಅಪ್ಪ ನಗಲಿಲ್ಲ.

"ನೀಲಿ, ಅಪ್ಪಾ."

"ಹೌದೌದು. ನೀಲಿ."

ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದ.

ಮರುದಿನ ಸ್ಕೂಲಿನಲ್ಲಿ ಎದುರುಮನೆಯ ದುವಾನ್ ಕಿಚಾಯಿಸಿದ. "ನಿಮ್ಮಪ್ಪ ನಿನ್ನೆ ತೂರಾಡ್ಕೊಂಡು ಬರ್ತಿದ್ದ! ಹಗಲಲ್ಲೇ ಕುಡೀತಾನಾ?"

"ನಮ್ಮಪ್ಪ ಕುಡಿಯಲ್ಲ ಕಣೋ!"

ಆದರೂ ಸಂಜೆ ಕದ್ದು ಅಪ್ಪನ ಲೋಟ ಮೂಸಿದಳು. ಬರೀ ಕಾಫಿ. ಅವಳಿಗೆ ನಾಚಿಕೆಯಾಯಿತು.

ಈಸ್ಟರ್ ರಜೆಗೆ ಅಜ್ಜಿಯ ಊರಿಗೆ ಹೋದರು. ಎರಡು ದಿನ ಕಳೆಯುವುದರಲ್ಲಿ ಅಪ್ಪನನ್ನು ದಿನಾ ಕಾಡುತ್ತಿದ್ದ ತಲೆನೋವು ಹೋಯಿತು. ಪಗಡೆಯಲ್ಲಿ ಎಲ್ಲರ ಕಾಯಿ ಹೊಡೆದು ಕೇಕೆ ಹಾಕಿದ. ಅಜ್ಜಿಯ ಹಸುಗಳ ಹೆಸರನ್ನು ಮಾತ್ರ ಆಗಾಗ ತಪ್ಪಾಗಿ ಹೇಳುತ್ತಿದ್ದ.

ಮನೆಯಲ್ಲಿದ್ದು ಇಲ್ಲಿ ಇಲ್ಲದ್ದು ಏನು? ಮರ್ಯೋರಿ ಯೋಚಿಸಿದಳು. ಶೆಡ್ ಇಲ್ಲ. ಆ ಮುಚ್ಚಿದ ಬಾಗಿಲಿಲ್ಲ.

ಅಜ್ಜಿಯ ಮನೆಯಲ್ಲೇ ಇದ್ದ ಅಪ್ಪನ ಅಕ್ಕ ನೊಯೆಮಿ ಅತ್ತೆ ಆಸ್ಪತ್ರೆಯಲ್ಲಿ ನರ್ಸ್. ಮರ್ಯೋರಿ ಹೇಳಿದ್ದನ್ನು ಕೇಳಿ ಅವಳು ಅಪ್ಪನ ಎದುರು ಕುರ್ಚಿ ಎಳೆದುಕೊಂಡು ಕೂತಳು.

"ಥಿನ್ನರ್ ಆವಿ ಮೂಗಲ್ಲೇ ನಿಲ್ಲಲ್ಲ ಕಣೋ. ರಕ್ತಕ್ಕೆ ಸೇರಿ ಮಿದುಳಿಗೆ ಹೋಗತ್ತೆ. ತಲೆ ಸುತ್ತಿ ತೂರಾಡೋ ಹಾಗಾಗತ್ತೆ. ವರ್ಷಗಟ್ಟಲೆ ಉಸಿರಾಡಿದ್ರೆ ನೆನಪೂ ಮಂಕಾಗತ್ತೆ."

"ಮೂಗಿಗೆ ಬಟ್ಟೆ ಕಟ್ಕೋತೀನಲ್ಲ, ಅಕ್ಕಾ."

"ಬಟ್ಟೆ ದೂಳು ತಡೆಯತ್ತೆ. ಆವೀನ ತಡೆಯಲ್ಲ. ಅದಕ್ಕೆ ಬೇರೆ ಮಾಸ್ಕ್ ಬರತ್ತೆ. ಬಾಗಿಲೂ ತೆಗೀಬೇಕು. ಮೊದಲು ಡಾಕ್ಟರಿಗೆ ತೋರಿಸೋಣ."

"ಅಪ್ಪಂಗೆ ಎಲ್ಲಾ ವಾಪಸ್ ನೆನಪಾಗತ್ತಾ ಅತ್ತೆ?"

ಅತ್ತೆ ಅವಳನ್ನು ಹತ್ತಿರ ಎಳೆದುಕೊಂಡಳು. "ಎಷ್ಟು ವಾಪಸ್ ಬರತ್ತೋ ಗೊತ್ತಿಲ್ಲ ಪುಟ್ಟಾ. ಇರೋದನ್ನ ಉಳಿಸ್ಕೋಬಹುದು."

"ಬಾಗಿಲು ತೆಗೆದ್ರೆ ಹಸಿ ಪೇಂಟಿಗೆ ದೂಳು ಅಂಟತ್ತೆ," ಅಪ್ಪ ಗೊಣಗಿದ. "ಡ್ರೈವರ್‌ಗಳು ನಗ್ತಾರೆ."

ದೂಳು ಏಳದಿದ್ದರೆ? ಅಷ್ಟರಲ್ಲಿ ಅಜ್ಜಿ ಕಸ ಗುಡಿಸುವ ಮುಂಚೆ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದುದು ಮರ್ಯೋರಿಯ ಕಣ್ಣಿಗೆ ಬಿತ್ತು.

ಡಾಕ್ಟರು ನೋಡಿದರು. ಒಂದಷ್ಟು ದಿನ ಶೆಡ್ಡಿಗೆ ಹೋಗಬೇಡ ಎಂದರು. ಅಪ್ಪ ಮತ್ತೆ ಕೆಲಸಕ್ಕೆ ಇಳಿದ ದಿನ ಮರ್ಯೋರಿ ಶೆಡ್ಡಿನ ಮುಂದಿನ ಬೀದಿಗೆ ಬಕೆಟ್ಟಿನಿಂದ ನೀರು ಹಾಕುತ್ತಿದ್ದಳು. ದುವಾನ್ ಎದುರಿನಿಂದ ನೋಡುತ್ತ ನಿಂತ.

"ರೋಡಿಗೆ ಸ್ನಾನ ಮಾಡಿಸ್ತಿದೀಯಾ?"

"ನಿಂಗೂ ಬೇಕಾ?"

ಅವಳು ಕಾರಣ ಹೇಳಿದಳು. ದುವಾನ್ ತಲೆ ಕೆರೆದುಕೊಂಡ. ಮನೆಗೆ ಓಡಿ, ತಾನೂ ಒಂದು ಬಕೆಟ್ ತಂದ. ಅರ್ಧ ನೀರು ಅವಳ ಶೂ ಮೇಲೆಯೇ ಬಿತ್ತು.

ಶೆಡ್ಡಿನ ಎರಡೂ ಬಾಗಿಲು ತೆರೆದಿದ್ದವು. ಥಿನ್ನರ್ ಡಬ್ಬಿಗಳಿಗೆ ಮುಚ್ಚಳ ಬಿದ್ದಿತ್ತು. ಹೊಸ ಮಾಸ್ಕ್ ಹಾಕಿಕೊಂಡ ಅಪ್ಪ ದೊಡ್ಡ ಜೀರುಂಡೆಯ ಹಾಗೆ ಕಾಣುತ್ತಿದ್ದ.

ಒಂದು ಸಣ್ಣ ಸೊಳ್ಳೆ ಹಾರಿ ಬಂದು ಹಸಿ ಹಳದಿಗೆ ಅಂಟಿಕೊಂಡಿತು. ಮರ್ಯೋರಿ ಬಾಗಿಲ ಕಡೆ ನೋಡಿದಳು. ಈಗ ಅಪ್ಪ ಬಾಗಿಲು ಮುಚ್ಚು ಎನ್ನುತ್ತಾನೆ.

ಅಪ್ಪ ಬ್ರಷ್ಷಿನ ತುದಿಯಿಂದ ಅದನ್ನು ಎತ್ತಿ ತೆಗೆದ. "ನೋಡು, ಟಿಕೆಟ್ ಇಲ್ದೆ ಹತ್ತಿಬಿಟ್ಟಿದಾನೆ!"

ಆಮೇಲೆ ಬ್ರಷ್ ಎತ್ತಿಹಿಡಿದು ನಿಂತ.

"ಹಳದಿ ಆದಮೇಲೆ..."

ಅಪ್ಪನೇ ಹೇಳಲಿ ಎಂದು ಮರ್ಯೋರಿ ಕಾದಳು. ಹೊರಗಿನ ಗಾಳಿ ಅಪ್ಪನ ಕೂದಲನ್ನು ಅಲ್ಲಾಡಿಸಿತು. ಅವನ ಕೈ ನಿಧಾನವಾಗಿ ಹಸಿರು ಡಬ್ಬಿಯ ಕಡೆ ಹೋಯಿತು. ನಿಂತಿತು. ಅವನು ಅವಳ ಕಡೆ ತಿರುಗಿದ.

"ನೀಲಿ, ಅಪ್ಪಾ," ಎಂದಳು.

"ನೀಲಿ," ಎಂದು ಅಪ್ಪ ಬ್ರಷ್ ಅದ್ದಿದ.

ಬೀದಿ ಅಂಚಿನಲ್ಲಿ ಒಣಗತೊಡಗಿತ್ತು. ಮರ್ಯೋರಿ ಬಕೆಟ್ ಎತ್ತಿಕೊಂಡು ನಲ್ಲಿಯ ಕಡೆ ನಡೆದಳು.